ಇಬ್ಬರೇ ಕ್ಯುಬೆಕ್ ಸಿಟಿಗೆ: ಫ್ರೆಂಚ್ ಬರದಿದ್ರೆ ಏನ್ ಮಾಡೋದು?

ಟೊರಾಂಟೊ ಕಡೆ ಇರೋ ಕೇಳುಗರಿಂದ ಬರೋ ಪ್ರಶ್ನೆ ಇದು: ‘ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಮಗೂನ ನೋಡ್ಕೋತಾರೆ. ಮಗು ಹುಟ್ಟಿದ ಮೇಲೆ ಮೊದಲ ಸಲ ನಾವಿಬ್ಬರೇ ನಾಲ್ಕು ದಿನ ಹೋಗಿಬರಬೇಕು ಅಂತಿದ್ದೀವಿ. ಕ್ಯುಬೆಕ್ ಸಿಟಿ ಹೇಗೆ? ಇಬ್ಬರಿಗೂ ಫ್ರೆಂಚ್ ಬರಲ್ಲ.’

ಧಾರಾಳವಾಗಿ ಹೋಗಿ. ಆದ್ರೆ ಸ್ವಲ್ಪ ತಿಳ್ಕೊಂಡು ಹೋಗಿ.

ಅದೇ ದೇಶ, ಬೇರೆ ಭಾಷೆ

ಟೊರಾಂಟೊದಿಂದ ಕ್ಯುಬೆಕ್ ಸಿಟಿಗೆ ಸುಮಾರು 800 ಕಿಲೋಮೀಟರ್. ಗಡಿ ದಾಟಲ್ಲ, ದುಡ್ಡು ಬದಲಾಗಲ್ಲ, ಭಾಷೆ ಮಾತ್ರ ಪೂರ್ತಿ ಬದಲಾಗುತ್ತೆ. 1608ರಲ್ಲಿ ಫ್ರೆಂಚರು ಕಟ್ಟಿದ ಊರಿದು. 1759ರಲ್ಲಿ ಬ್ರಿಟಿಷರ ಕೈಗೆ ಬಂತು. ಆಳೋರು ಬದಲಾದರೂ ಜನ ಮಾತು ಬಿಡಲಿಲ್ಲ. 1977ರಲ್ಲಿ ಕ್ಯುಬೆಕ್ ಪ್ರಾಂತ್ಯ ‘ಫ್ರೆಂಚ್ ಭಾಷಾ ಸನ್ನದು’ ಅನ್ನೋ ಕಾನೂನು ತಂದು, ಕಚೇರಿ, ಕೆಲಸ, ವ್ಯಾಪಾರಕ್ಕೆಲ್ಲ ಫ್ರೆಂಚನ್ನೇ ಮುಖ್ಯ ಭಾಷೆ ಮಾಡ್ತು.

ಅಂಗಡಿ ಬೋರ್ಡಲ್ಲಿ ಬೇರೆ ಭಾಷೆ ಇರಬಹುದು, ಆದ್ರೆ ಫ್ರೆಂಚ್ ಎದ್ದು ಕಾಣಲೇಬೇಕು. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕರ್ನಾಟಕ ಕಾನೂನು ಮಾಡಿದ್ದು ನೆನಪಿರೋರಿಗೆ ಇದು ಸುಲಭವಾಗಿ ಅರ್ಥವಾಗುತ್ತೆ. ಇನ್ನೊಂದು ಮಜಾ ನೋಡಿ. ಫ್ರಾನ್ಸಲ್ಲೇ ರಸ್ತೆಯ ಕೆಂಪು ಫಲಕದ ಮೇಲೆ ‘ಸ್ಟಾಪ್’ ಅಂತಿರುತ್ತೆ. ಕ್ಯುಬೆಕ್‌ನಲ್ಲಿ ‘ಅರೆ’ ಅಂತಿರುತ್ತೆ, ಅಂದ್ರೆ ನಿಲ್ಲಿ.

ಮೊದಲು ‘ಬೊಂಜೂರ್’

ಹೋಟೆಲ್, ಮ್ಯೂಸಿಯಂಗಳಲ್ಲಿ ಇಂಗ್ಲಿಷ್ ನಡೆಯುತ್ತೆ. ಆದ್ರೆ ಬಾಗಿಲು ದಾಟಿದ ಕೂಡಲೇ ಇಂಗ್ಲಿಷಲ್ಲಿ ಶುರು ಮಾಡೋದಕ್ಕೂ, ‘ಬೊಂಜೂರ್’ ಅಂದು ಆಮೇಲೆ ಇಂಗ್ಲಿಷಿಗೆ ಬರೋದಕ್ಕೂ ವ್ಯತ್ಯಾಸ ಇದೆ. ಮಾಂಟ್ರಿಯಲ್ ಅಂಗಡಿಗಳಲ್ಲಿ ‘ಬೊಂಜೂರ್-ಹಾಯ್’ ಅಂತ ಎರಡನ್ನೂ ಸೇರಿಸಿ ಹೇಳೋ ರೂಢಿ ಇದೆ. ‘ಬೊಂಜೂರ್ ಒಂದೇ ಸಾಕು’ ಅಂತ 2017ರಲ್ಲಿ ಅಲ್ಲಿನ ಶಾಸನಸಭೆ ಒಮ್ಮತದ ನಿರ್ಣಯ ಮಾಡ್ತು. ಅದಕ್ಕೆ ಕಾನೂನಿನ ಬಲ ಇಲ್ಲ ನಿಜ. ಆದ್ರೆ ಒಂದು ನಮಸ್ಕಾರದ ಪದ ಅಲ್ಲಿ ಎಷ್ಟು ಸೂಕ್ಷ್ಮ ವಿಷಯ ಅಂತ ಗೊತ್ತಾಗುತ್ತಲ್ಲ?

ಊಟದ ಲೆಕ್ಕ

ಫೋನಲ್ಲಿರೋ ಫ್ರೆಂಚ್ ಆ್ಯಪ್ ಫ್ರಾನ್ಸಿನ ಮಾತು ಕಲಿಸಿದ್ರೆ ಇಲ್ಲಿ ಎಡವಟ್ಟಾಗಬಹುದು. ಫ್ರಾನ್ಸಲ್ಲಿ ‘ದಿನೆ’ ಅಂದ್ರೆ ರಾತ್ರಿ ಊಟ. ಕ್ಯುಬೆಕ್‌ನಲ್ಲಿ ‘ದಿನೆ’ ಮಧ್ಯಾಹ್ನದ್ದು, ರಾತ್ರಿಯದ್ದು ‘ಸುಪೆ’. ಟೇಬಲ್ ಬುಕ್ ಮಾಡುವಾಗ ಗಂಟೆ ಹೇಳಿಬಿಡಿ, ಗೊಂದಲ ಇರಲ್ಲ.

ಸಸ್ಯಾಹಾರಿಗಳು ಗಮನಿಸಿ. ಅಲ್ಲಿನ ಫೇಮಸ್ ತಿಂಡಿ ಪುಟೀನ್. ಕರಿದ ಆಲೂಗಡ್ಡೆ, ಚೀಸ್ ತುಂಡು, ಮೇಲೆ ಬಿಸಿ ಗ್ರೇವಿ. ನೋಡೋಕೆ ಪಕ್ಕಾ ವೆಜ್, ಆದ್ರೆ ಆ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿಂದ ಮಾಡಿದ್ದು. ಬಟಾಣಿ ಸೂಪಿಗೂ ಹಂದಿಮಾಂಸ ಹಾಕೋದುಂಟು. ‘ವೆಜೆ’ ಅಂತ ಕೇಳಿ, ‘ಸಾಂ ವಿಯಾಂದ್’, ಅಂದ್ರೆ ಮಾಂಸ ಇಲ್ಲದೆ, ಅಂತಲೂ ಸೇರಿಸಿ.

ಬಿಲ್ ಮೇಲೆ ಎರಡು ತೆರಿಗೆ: 5 ಪರ್ಸೆಂಟ್ ಮತ್ತು 9.975 ಪರ್ಸೆಂಟ್. ಇಬ್ಬರ ಊಟ 60 ಡಾಲರ್ ಆದ್ರೆ ತೆರಿಗೆ ಸುಮಾರು 9 ಡಾಲರ್, 15 ಪರ್ಸೆಂಟ್ ಟಿಪ್ಸ್ ಇನ್ನೊಂದು 9. ಒಟ್ಟು 78. ಕಾರ್ಡ್ ಮಷೀನ್ ತೋರಿಸೋ ಟಿಪ್ಸ್ ಮೊತ್ತವನ್ನ ತೆರಿಗೆ ಸೇರಿಸದೆ ಲೆಕ್ಕ ಹಾಕಬೇಕು ಅನ್ನೋ ನಿಯಮ 2025ರ ಮೇ ತಿಂಗಳಿಂದ ಜಾರಿಯಲ್ಲಿದೆ.

ಯಾವಾಗ, ಎಲ್ಲೆಲ್ಲಿ?

ಜುಲೈ ಕೊನೆಯ ಎರಡು ವಾರ ತಪ್ಪಿಸಿ. ಆಗ ಕಟ್ಟಡ ಕೆಲಸಗಾರರಿಗೆಲ್ಲ ಒಟ್ಟಿಗೇ ರಜೆ. ಅವರ ಜೊತೆ ಅರ್ಧ ಪ್ರಾಂತ್ಯವೇ ಪ್ರವಾಸಕ್ಕೆ ಹೊರಟ ಹಾಗಿರುತ್ತೆ. ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ಭಾಗದವರೆಗೆ ಮೇಪಲ್ ಎಲೆ ಕೆಂಪಾಗೋ ಕಾಲ, ಚಳಿಯೂ ಹಿತವಾಗಿರುತ್ತೆ.

ಹಳೇ ಊರು 1985ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ಅದರ ಸುತ್ತ ಸುಮಾರು 4.6 ಕಿಲೋಮೀಟರ್ ಕೋಟೆ ಗೋಡೆ ಇದೆ. ಮಾತಾಡ್ಕೊಂಡು ನಡೆಯೋಕೆ ಹೇಳಿ ಮಾಡಿಸಿದ ಹಾಗಿದೆ. ಸಂಜೆ ಲೆವಿಗೆ ಹೋಗೋ ದೋಣಿ ಹತ್ತಿ. ಹತ್ತು ಹನ್ನೆರಡು ನಿಮಿಷದಲ್ಲಿ ಸೇಂಟ್ ಲಾರೆನ್ಸ್ ನದಿ ದಾಟುತ್ತೆ. ತಿರುಗಿ ನೋಡಿದ್ರೆ ಇಡೀ ಊರು ದೀಪ ಹಚ್ಚಿಕೊಂಡು ನಿಂತಿರುತ್ತೆ. ಊರ ಪಕ್ಕದ ಮಾಂಟ್‌ಮೊರೆನ್ಸಿ ಜಲಪಾತ 83 ಮೀಟರ್, ನಯಾಗರಾಕ್ಕಿಂತ ಎತ್ತರ.

ಇಬ್ಬರಿಗೂ ಸೊನ್ನೆ

ಕೊನೆಗೆ ಒಂದು ಮಾತು. ವಿದೇಶದಲ್ಲಿರೋ ಎಷ್ಟೋ ಮನೆಗಳಲ್ಲಿ ಬ್ಯಾಂಕ್, ಡಾಕ್ಟರ್, ಫೋನ್ ಕಂಪನಿ, ಎಲ್ಲಾ ಕಡೆ ಒಬ್ಬರೇ ಮಾತಾಡ್ತಾರೆ. ಮೊದಲು ಬಂದು ನೆಲೆಸಿದೋರು, ಇಂಗ್ಲಿಷ್ ಸಲೀಸಾಗಿ ಬರೋರು. ಇನ್ನೊಬ್ಬರು ಪಕ್ಕದಲ್ಲಿ ನಿಂತಿರ್ತಾರೆ. ವರ್ಷಗಳು ಕಳೆದ ಹಾಗೆ ಅದೇ ಅಭ್ಯಾಸ ಆಗಿಬಿಡುತ್ತೆ.

ಕ್ಯುಬೆಕ್‌ನಲ್ಲಿ ಇಬ್ಬರಿಗೂ ಭಾಷೆ ಬರಲ್ಲ. ಅಲ್ಲಿ ಸೀನಿಯರ್ ಇಲ್ಲ, ಜೂನಿಯರ್ ಇಲ್ಲ. ಅದಕ್ಕೇ ಹೊರಡೋ ಹಿಂದಿನ ರಾತ್ರಿ ಇಬ್ಬರೂ ಕೂತು ಐದೇ ಐದು ಮಾತು ಕಲೀರಿ: ಬೊಂಜೂರ್, ಮೆರ್ಸಿ, ಸಿಲ್ ವು ಪ್ಲೇ, ಸಾಂ ವಿಯಾಂದ್, ಓ ರೆವ್ವಾರ್. ಅಂದ್ರೆ ನಮಸ್ಕಾರ, ಥ್ಯಾಂಕ್ಸ್, ದಯವಿಟ್ಟು, ಮಾಂಸ ಬೇಡ, ಹೋಗಿಬರ್ತೀವಿ. ಒಂದು ದಿನ ಒಬ್ಬರು ಆರ್ಡರ್ ಮಾಡಲಿ, ಮಾರನೇ ದಿನ ಇನ್ನೊಬ್ಬರು. ಮನೇಲಿ ಸುಮ್ಮನಿರೋರು ಅಲ್ಲಿ ಮೊದಲು ಬಾಯಿ ಬಿಟ್ಟರೂ ಆಶ್ಚರ್ಯ ಇಲ್ಲ. ಆಗ ಮಧ್ಯೆ ಬಾಯಿ ಹಾಕಬೇಡಿ, ಅಷ್ಟೇ.