ವ್ಯೋಮನೌಕೆಯ ಅಳತೆ: ಉದ್ದ, ಘನಫಲ ಮತ್ತು ಸಾಂದ್ರತೆಯ ಅಂದಾಜು

ಹಿರಿಯೂರು ತಾಲ್ಲೂಕಿನ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿರುವ ವಾಣಿವಿಲಾಸ ಸಾಗರದ ನೀರನ್ನು ಎರಡು ಬಗೆಯಲ್ಲಿ ಹೇಳುವ ರೂಢಿಯಿದೆ: ಮಟ್ಟವನ್ನು ಅಡಿಗಳಲ್ಲಿ, ಸಂಗ್ರಹವನ್ನು ಟಿ.ಎಂ.ಸಿ.ಗಳಲ್ಲಿ. ಪೂರ್ಣ ಮಟ್ಟ 130 ಅಡಿ; ಆಗಿನ ಸಂಗ್ರಹ ಸುಮಾರು 30 ಟಿ.ಎಂ.ಸಿ. ಆದರೆ ಮಟ್ಟ 65 ಅಡಿಗೆ ಇಳಿದಾಗ ಉಳಿಯುವುದು 15 ಟಿ.ಎಂ.ಸಿ. ಅಲ್ಲ, ಕಣಿವೆಯು ಮೇಲೇರಿದಂತೆ ವಿಶಾಲವಾಗುವುದರಿಂದ ಉಳಿಯುವ ನೀರು ಅದಕ್ಕಿಂತ ಬಹಳ ಕಡಿಮೆ. ಉದ್ದಳತೆಯೊಂದರಿಂದಲೇ ಘನಫಲವನ್ನು ನಿರ್ಣಯಿಸಲಾಗದು ಎಂಬ ಈ ತತ್ತ್ವವು ವ್ಯೋಮನೌಕೆಗಳಿಗೂ ಅನ್ವಯಿಸುತ್ತದೆ.

ಕಲ್ಪಿತ ವ್ಯೋಮನೌಕೆಗಳ ಅಳತೆಯು ಗಂಭೀರ ಲೆಕ್ಕಾಚಾರದ ವಸ್ತುವಾಗಿರುವುದು ಮೇಜಿನ ಸುತ್ತ ಕುಳಿತು ಆಡುವ ಪಾತ್ರಾಭಿನಯದ ಆಟಗಳಲ್ಲಿ. ಅಮೆರಿಕದಲ್ಲಿ 1977ರಲ್ಲಿ ಪ್ರಕಟವಾದ ‘ಟ್ರಾವೆಲರ್’ ಇವುಗಳಲ್ಲಿ ಪ್ರಮುಖವಾದುದು. ಈ ಆಟದ ನಿಯಮಾವಳಿಗಳಲ್ಲಿ ನೆಲೆಗೊಂಡ ‘ಟನ್’ ತೂಕದ ಮಾನವಲ್ಲ. ಒಂದು ಟನ್ ದ್ರವ ಜಲಜನಕವು ಆಕ್ರಮಿಸುವ ಸ್ಥಳ. ದ್ರವ ಜಲಜನಕದ ಸಾಂದ್ರತೆ ಘನಮೀಟರಿಗೆ ಸುಮಾರು 71 ಕಿಲೋಗ್ರಾಂ ಆದುದರಿಂದ ಆ ಸ್ಥಳವು ಸುಮಾರು 14 ಘನಮೀಟರ್. ಈ ಕ್ರಮ ವಿಚಿತ್ರವೇನಲ್ಲ. ಸಮುದ್ರಯಾನದ ‘ರಿಜಿಸ್ಟರ್ ಟನ್’ ಕೂಡ 100 ಘನ ಅಡಿಗಳ, ಅಂದರೆ 2.83 ಘನಮೀಟರುಗಳ ಸ್ಥಳಮಾನವೇ ಆಗಿತ್ತು. ಸ್ಥಳದ ಟನ್ನನ್ನು ತೂಕದ ಟನ್ನೆಂದು ಭಾವಿಸಿದಾಗ ತೊಡಕು ಹುಟ್ಟುತ್ತದೆ.

ಈ ತೊಡಕನ್ನು ಬಿಡಿಸಲು ನೈಜ ನಿದರ್ಶನವೊಂದು ಚಿತ್ರದುರ್ಗ ಜಿಲ್ಲೆಯಲ್ಲಿಯೇ ದೊರೆಯುತ್ತದೆ. ಚಳ್ಳಕೆರೆ ತಾಲ್ಲೂಕಿನ ವೈಮಾನಿಕ ಪರೀಕ್ಷಾ ವಲಯದಲ್ಲಿ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು ಮರುಬಳಕೆಯ ಉಡಾವಣಾ ವಾಹನದ ಭೂಸ್ಪರ್ಶ ಪ್ರಯೋಗಗಳನ್ನು 2023ರ ಏಪ್ರಿಲ್ 2, 2024ರ ಮಾರ್ಚ್ 22 ಮತ್ತು ಜೂನ್ 23ರಂದು ನಡೆಸಿತು. ‘ಪುಷ್ಪಕ್’ ಎಂದು ಹೆಸರಾದ ಈ ವಾಹನದ ಪೂರ್ವರೂಪವು 2016ರ ಮೇ 23ರಂದು ಶ್ರೀಹರಿಕೋಟದಿಂದ ಹಾರಿತ್ತು. ಅದರ ಉದ್ದ 6.5 ಮೀಟರ್, ರೆಕ್ಕೆಗಳ ಹರವು 3.6 ಮೀಟರ್, ದ್ರವ್ಯರಾಶಿ 1.75 ಟನ್.

ಇದರ ಘನಫಲವನ್ನು ಹೀಗೆ ಅಂದಾಜಿಸಬಹುದು. ಒಡಲನ್ನು 1 ಮೀಟರ್ ವ್ಯಾಸದ ಸಿಲಿಂಡರ್ ಎಂದು ಇಟ್ಟುಕೊಂಡರೆ 5.1 ಘನಮೀಟರ್ ಬರುತ್ತದೆ. ಮೂತಿಯ ಕಡೆ ಸಪೂರವಾಗುವುದಕ್ಕಾಗಿ ಐದನೆಯ ಒಂದು ಭಾಗವನ್ನು ಕಳೆದರೆ ಉಳಿಯುವುದು 4.1. ಆಗ ಸರಾಸರಿ ಸಾಂದ್ರತೆ ಘನಮೀಟರಿಗೆ ಸುಮಾರು 430 ಕಿಲೋಗ್ರಾಂ. ವ್ಯಾಸವನ್ನು 1.2 ಮೀಟರ್ ಎಂದು ಭಾವಿಸಿದರೆ ಘನಫಲ 5.9 ಘನಮೀಟರಿಗೆ ಏರಿ, ಸಾಂದ್ರತೆ 300ಕ್ಕೆ ಇಳಿಯುತ್ತದೆ. ವ್ಯಾಸದಲ್ಲಿ ಶೇಕಡಾ 20ರ ವ್ಯತ್ಯಾಸವು ಘನಫಲದಲ್ಲಿ ಶೇಕಡಾ 44 ಆಗುತ್ತದೆ ಎಂಬುದು ಗಮನಾರ್ಹ. ಉದ್ದವನ್ನು ಮಾತ್ರ ನಮೂದಿಸುವ ನೌಕಾವಿವರಗಳು ಅಪೂರ್ಣವೆನಿಸುವುದು ಈ ಕಾರಣದಿಂದ. ‘ಟ್ರಾವೆಲರ್’ ಮಾನದಲ್ಲಿ ಇದೇ ವಾಹನವು ಅರ್ಧ ಟನ್ನನ್ನೂ ಮುಟ್ಟುವುದಿಲ್ಲ. ತಕ್ಕಡಿಯಲ್ಲಿ ಮಾತ್ರ ಒಂದೂಮುಕ್ಕಾಲು ಟನ್.

ಸಣ್ಣ ನೌಕೆಯ ಸಾಂದ್ರತೆಯನ್ನು ದೊಡ್ಡದಕ್ಕೂ ಆರೋಪಿಸುವುದು ಮತ್ತೊಂದು ಸಾಮಾನ್ಯ ದೋಷ. ಅಮೆರಿಕದ ಸ್ಪೇಸ್ ಷಟಲ್ ಕಕ್ಷಾನೌಕೆಯ ಉದ್ದ 37.2 ಮೀಟರ್, ಪುಷ್ಪಕ್‌ಗಿಂತ 5.7 ಪಟ್ಟು ಹೆಚ್ಚು. ಆಕಾರವೂ ಸಾಂದ್ರತೆಯೂ ಒಂದೇ ಎಂದು ಭಾವಿಸಿದರೆ ದ್ರವ್ಯರಾಶಿಯು ಆ ಸಂಖ್ಯೆಯ ಘನದಷ್ಟು, ಅಂದರೆ ಸುಮಾರು 187 ಪಟ್ಟು ಹೆಚ್ಚಿ, 325 ಟನ್ನುಗಳನ್ನು ಮೀರಬೇಕು. ವಾಸ್ತವದಲ್ಲಿ ಬರಿದಾದ ಷಟಲಿನ ದ್ರವ್ಯರಾಶಿ ಸುಮಾರು 78 ಟನ್; ನಿರೀಕ್ಷೆಯ ಕಾಲು ಭಾಗಕ್ಕಿಂತಲೂ ಕಡಿಮೆ. ಅದರ ಒಡಲಲ್ಲಿ 18.3 ಮೀಟರ್ ಉದ್ದ, 4.6 ಮೀಟರ್ ವ್ಯಾಸದ ಸರಕುಕೋಣೆಯೇ ಸುಮಾರು 300 ಘನಮೀಟರ್ ಸ್ಥಳವನ್ನು ಬರಿದಾಗಿ ಇರಿಸಿತ್ತು. ಪ್ರಾಯೋಗಿಕ ಸಣ್ಣ ವಾಹನದಲ್ಲಾದರೋ ಉಪಕರಣಗಳು ಒತ್ತೊತ್ತಾಗಿ ತುಂಬಿರುತ್ತವೆ. ಆದುದರಿಂದ ನೌಕೆಯ ಸಾಂದ್ರತೆಯನ್ನು ನಿರ್ಣಯಿಸುವುದು ಅದರ ಗೋಡೆಯ ಲೋಹಕ್ಕಿಂತ ಹೆಚ್ಚಾಗಿ ಅದರೊಳಗಿನ ಬರಿದು.

ಆಟದಲ್ಲಿ ಇಂತಹ ದೋಷ ಸಂಭವಿಸಿದರೆ ಕಥೆಯ ಸಂಭಾವ್ಯತೆಗೆ ಮಾತ್ರ ಧಕ್ಕೆ. ಚಳ್ಳಕೆರೆಯ ರನ್‌ವೇಯ ಮೇಲೆ ಪರಿಣಾಮ ಬೇರೆ. ಮೂರನೆಯ ಪ್ರಯೋಗದಲ್ಲಿ ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ವಾಹನವನ್ನು 4.5 ಕಿಲೋಮೀಟರ್ ಎತ್ತರಕ್ಕೊಯ್ದು ಬಿಟ್ಟಿತು. ಅದು ಗಂಟೆಗೆ 320 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ನೆಲ ಮುಟ್ಟಿತು. ಪ್ಯಾರಾಚೂಟ್ ಆ ವೇಗವನ್ನು ಸುಮಾರು 100ಕ್ಕೆ ಇಳಿಸಿದ ಬಳಿಕ ಚಕ್ರಗಳ ಬ್ರೇಕುಗಳು ಕೆಲಸ ಮಾಡಿದವು. ರೆಕ್ಕೆಯ ವಿಸ್ತೀರ್ಣ ಬದಲಾಗದೆ ದ್ರವ್ಯರಾಶಿ ಮಾತ್ರ ಶೇಕಡಾ 20ರಷ್ಟು ಹೆಚ್ಚಿದರೆ, ವೇಗವು ಅದರ ವರ್ಗಮೂಲದ ಪ್ರಮಾಣದಲ್ಲಿ, ಅಂದರೆ ಸುಮಾರು ಶೇಕಡಾ 10ರಷ್ಟು ಏರಬೇಕಾಗುತ್ತದೆ. ಆಗ ಪ್ಯಾರಾಚೂಟ್ ಹಾಗೂ ಬ್ರೇಕುಗಳು ತಡೆಯಬೇಕಾದ ಚಲನಶಕ್ತಿಯು ಶೇಕಡಾ 44ರಷ್ಟು ಹೆಚ್ಚುತ್ತದೆ.

ಹೀಗೆ ಉದ್ದ, ಘನಫಲ, ದ್ರವ್ಯರಾಶಿಗಳು ಮೂರು ಪ್ರತ್ಯೇಕ ಹೇಳಿಕೆಗಳು. ಅವು ಪರಸ್ಪರ ಹೊಂದುತ್ತವೆಯೇ ಎಂದು ಪರೀಕ್ಷಿಸುವ ಒರೆಗಲ್ಲು ಸಾಂದ್ರತೆ. ಕಲ್ಪಿತ ನೌಕೆಯನ್ನು ರಚಿಸುವವರೂ ನೈಜ ನೌಕೆಯನ್ನು ಅಧ್ಯಯನ ಮಾಡುವವರೂ ಮೊದಲು ಈ ಒರೆಗಲ್ಲಿಗೆ ಹಚ್ಚಿ ನೋಡುವುದು ಯುಕ್ತ.