ತಾಯಿಗಿದ್ದ ಮುಟ್ಟಿನ ನೋವು ಮಗಳಿಗೂ ಬರುವುದೇಕೆ?

ಮುಟ್ಟಿನ ದಿನಗಳಲ್ಲಿ ಸ್ವಲ್ಪ ಹೊಟ್ಟೆನೋವು ಸಹಜ. ಆದರೆ ಹುಡುಗಿ ಶಾಲೆ ಬಿಡುವಷ್ಟು, ದೊಡ್ಡಬಳ್ಳಾಪುರದ ಮಗ್ಗಕ್ಕೋ ಗಾರ್ಮೆಂಟ್ಸಿಗೋ ಹೋಗುವವರು ಕೂಲಿ ಕಳೆದುಕೊಳ್ಳುವಷ್ಟು ನೋವು ತಿಂಗಳು ತಿಂಗಳೂ ಬಂದರೆ ಅದು ಸಹಜವಲ್ಲ. "ನನಗೂ ಹೀಗೇ ಇತ್ತು, ಮದುವೆಯಾದರೆ ಸರಿಹೋಗುತ್ತೆ" ಎಂದು ತಾಯಂದಿರು ಸಮಾಧಾನ ಹೇಳುವುದುಂಟು. "ನನಗೂ ಹೀಗೇ ಇತ್ತು" ಎಂಬ ಆ ಮಾತನ್ನು ತಪ್ಪದೆ ವೈದ್ಯರಿಗೂ ಹೇಳಿರಿ. ರೋಗ ಪತ್ತೆಗೆ ಅದು ಮುಖ್ಯ ಸುಳಿವು.

ಏನಿದು ಕಾಯಿಲೆ?

ಗರ್ಭಕೋಶದ ಒಳಪದರವನ್ನು ಹೋಲುವ ಅಂಗಾಂಶವು ಅಂಡಾಶಯ, ಗರ್ಭನಾಳ, ಕರುಳಿನ ಸುತ್ತಮುತ್ತ ಬೆಳೆಯುವುದಕ್ಕೆ ಎಂಡೋಮೆಟ್ರಿಯೋಸಿಸ್ ಎನ್ನುತ್ತಾರೆ. ಮುಟ್ಟಿನ ಸಮಯದಲ್ಲಿ ಅಲ್ಲಿಯೂ ರಕ್ತ ಒಸರಿ, ಹೊರಬರಲು ದಾರಿಯಿಲ್ಲದೆ ಉರಿಯೂತ ಉಂಟಾಗುತ್ತದೆ. ಅಂಗಗಳು ಒಂದಕ್ಕೊಂದು ಅಂಟಿಕೊಳ್ಳಬಹುದು. ಸ್ಕ್ಯಾನಿಂಗ್ ವರದಿಯಲ್ಲಿ 'ಚಾಕೊಲೇಟ್ ಸಿಸ್ಟ್' ಎನ್ನುವುದು ಅಂಡಾಶಯದಲ್ಲಿ ಹೀಗೆ ಹಳೆಯ ರಕ್ತ ತುಂಬಿದ ಚೀಲಕ್ಕೆ. ಹೆರುವ ವಯಸ್ಸಿನ ಸುಮಾರು 10 ಮಹಿಳೆಯರಲ್ಲಿ ಒಬ್ಬರಿಗೆ ಈ ಕಾಯಿಲೆ ಇದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ವಂಶವಾಹಿಗಳ ಪಾತ್ರವೇನು?

ತಾಯಿಗೋ ಅಕ್ಕತಂಗಿಯರಿಗೋ ಈ ಕಾಯಿಲೆ ಇದ್ದರೆ ಅಪಾಯ ಹೆಚ್ಚು. ಅವಳಿ ಸಹೋದರಿಯರ ಅಧ್ಯಯನಗಳ ಪ್ರಕಾರ, ಒಬ್ಬರಿಗೂ ಇನ್ನೊಬ್ಬರಿಗೂ ಇರುವ ಅಪಾಯದ ವ್ಯತ್ಯಾಸದಲ್ಲಿ ಸುಮಾರು ಅರ್ಧಕ್ಕೆ ವಂಶವಾಹಿಗಳು ಕಾರಣ. 2023ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು 60,000ಕ್ಕೂ ಹೆಚ್ಚು ರೋಗಿಗಳನ್ನು ಸುಮಾರು 7 ಲಕ್ಷ ಇತರ ಮಹಿಳೆಯರೊಂದಿಗೆ ಹೋಲಿಸಿ, ಅಪಾಯಕ್ಕೆ ಸಂಬಂಧಿಸಿದ 42 ವಂಶವಾಹಿ ತಾಣಗಳನ್ನು ಗುರುತಿಸಿತು. ಇವುಗಳಲ್ಲಿ ಒಂದೊಂದರಿಂದ ಹೆಚ್ಚುವ ಅಪಾಯ ಅತ್ಯಲ್ಪ. ಹನಿಹನಿ ಕೂಡಿ ಹಳ್ಳವಾದಂತೆ ಹಲವು ಸೇರಿದಾಗ ಅಪಾಯ ಏರುತ್ತದೆ. ಆದ್ದರಿಂದ ತಾಯಿಗಿದ್ದರೆ ಮಗಳಿಗೆ ಬಂದೇ ಬರುತ್ತದೆ ಎಂದೇನಿಲ್ಲ. ರಕ್ತ ಕೊಟ್ಟು ವಂಶವಾಹಿ ನೋಡಿ ರೋಗ ಹೇಳುವ ಪರೀಕ್ಷೆಯೂ ಬಂದಿಲ್ಲ. ಆ ಅಧ್ಯಯನದಲ್ಲಿದ್ದವರು ಬಹುಪಾಲು ಯುರೋಪ್ ಮೂಲದವರು. ಭಾರತೀಯ ಮಹಿಳೆಯರ ಬಗ್ಗೆ ಮುಂಬೈನ ರಾಷ್ಟ್ರೀಯ ಸಂತಾನೋತ್ಪತ್ತಿ ಮತ್ತು ಮಕ್ಕಳ ಆರೋಗ್ಯ ಸಂಶೋಧನಾ ಸಂಸ್ಥೆಯು ಸಂಶೋಧನೆ ಕೈಗೊಂಡಿದೆ.

ಮನೆಯಲ್ಲಿ ಕೇಳಿ ಬನ್ನಿ

ವಂಶವಾಹಿಗಳು ತಂದೆಯ ಕಡೆಯಿಂದಲೂ ಬರುತ್ತವೆ. ತಾಯಿ, ಅಜ್ಜಿ, ಚಿಕ್ಕಮ್ಮಂದಿರ ಜೊತೆಗೆ ಸೋದರತ್ತೆಯರನ್ನೂ ಕೇಳಿರಿ:
1. ಮುಟ್ಟಿನಲ್ಲಿ ತೀವ್ರ ನೋವಿತ್ತೆ?
2. ಮಕ್ಕಳಾಗುವುದು ತಡವಾಯಿತೆ?
3. ಗರ್ಭಕೋಶ ತೆಗೆಸಿದ್ದರೆ ಏಕೆ ತೆಗೆಸಿದರು?

ಯಾವಾಗ ವೈದ್ಯರನ್ನು ಕಾಣಬೇಕು?

ಮಾತ್ರೆಗೂ ಬಗ್ಗದ ನೋವು, ಮುಟ್ಟಿನಲ್ಲಿ ಮಲಮೂತ್ರ ವಿಸರ್ಜಿಸುವಾಗ ನೋವು, ದಾಂಪತ್ಯ ಸಂಪರ್ಕದಲ್ಲಿ ನೋವು, ಮಕ್ಕಳಾಗದಿರುವುದು - ಇವುಗಳಲ್ಲಿ ಯಾವುದಿದ್ದರೂ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಕಾಯಿಲೆ ಇರಬಹುದು. ಪೂರ್ಣ ಗುಣಪಡಿಸುವ ಔಷಧಿ ಇಲ್ಲವಾದರೂ ನೋವಿನ ಮಾತ್ರೆ, ಹಾರ್ಮೋನ್ ಚಿಕಿತ್ಸೆ, ಅಗತ್ಯವಿದ್ದರೆ ಲ್ಯಾಪರೋಸ್ಕೋಪಿ ಶಸ್ತ್ರಚಿಕಿತ್ಸೆಯಿಂದ ಹತೋಟಿಯಲ್ಲಿಡಬಹುದು. ಈ ಕಾಯಿಲೆ ಇದ್ದೂ ತಾಯಿಯಾದವರು ಅನೇಕರಿದ್ದಾರೆ.

ಮನೆಯವರಲ್ಲಿ ವಿನಂತಿ

ಇದು ಶಾಪವಲ್ಲ, ಸೊಸೆಯ ದೋಷವಲ್ಲ, ಹೆತ್ತವರ ತಪ್ಪೂ ಅಲ್ಲ. 12ನೇ ಶತಮಾನದ ಶರಣರು ತಳ್ಳಿಹಾಕಿದ ಪಂಚಸೂತಕಗಳಲ್ಲಿ ರಜಸ್ಸೂತಕವೂ ಒಂದು. ಮುಟ್ಟನ್ನು ಮೈಲಿಗೆಯೆಂದು ಮುಚ್ಚಿಟ್ಟರೆ ನೋವೂ ಮುಚ್ಚಿಹೋಗುತ್ತದೆ, ಚಿಕಿತ್ಸೆ ವರ್ಷಗಟ್ಟಲೆ ತಡವಾಗುತ್ತದೆ. ಮಗಳು ನೋವೆಂದರೆ ನಂಬಿರಿ, ಕರೆತನ್ನಿರಿ.