ಪೆಡಸು ಹರಳಿಗೆ ಸಾಣೆ

'ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು' ಎಂಬ ಗಾದೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾದೆಯ ಪೂರ್ವಾರ್ಧವನ್ನು ಕುರಿತು ನೀತಿವಂತರು ಬೇಕಾದಷ್ಟು ಹೇಳಿದ್ದಾರೆ. ಈ ದಿನ ನಾವು ಉತ್ತರಾರ್ಧವನ್ನು ಕೊಂಚ ವಿಚಾರ ಮಾಡೋಣ. ಕುಂಬಾರನ ಕೈ ತಪ್ಪಿದರೆ ಅವನು ಮಣ್ಣನ್ನು ಮತ್ತೆ ಕಲಸುತ್ತಾನೆ. ಅಕ್ಕಸಾಲಿಗನ ಕೈ ತಪ್ಪಿದರೆ ಚಿನ್ನವನ್ನು ಮತ್ತೆ ಕರಗಿಸುತ್ತಾನೆ. ಬರೆಯುವವನಿಗಂತೂ ಹೊಡೆದುಹಾಕಿ ತಿದ್ದುವ ಸ್ವಾತಂತ್ರ್ಯ ಎಂದೆಂದಿಗೂ ಉಂಟು. ಹರಳಿಗೆ ಸಾಣೆ ಹಿಡಿಯುವವನಿಗೆ ಮಾತ್ರ ಈ ಸೌಲಭ್ಯವಿಲ್ಲ. ಅವನು ಸವೆಸಿದ್ದು ಸವೆಯಿತು, ಒಡೆದದ್ದು ಒಡೆಯಿತು. ಹಾಗಾದರೆ ಅವನು ತನ್ನ ವಿದ್ಯೆಯನ್ನು ಕಲಿಯುವುದು ಹೇಗೆ? ತಪ್ಪನ್ನು ತಿದ್ದಲಾಗದ ಕಸಬಿನಲ್ಲಿ ತಪ್ಪಿನಿಂದ ಪಾಠ ದೊರೆಯುವುದು ಸಾಧ್ಯವೆ? ಇದೇ ನಮ್ಮ ಇಂದಿನ ವಿಷಯ.

ಮೊದಲು ಎರಡು ಮಾತುಗಳನ್ನು ಬೇರೆಬೇರೆಯಾಗಿ ತಿಳಿದುಕೊಳ್ಳಬೇಕು. ಗಡಸು ಎಂಬುದು ಒಂದು ಗುಣ, ಪೆಡಸು ಎಂಬುದು ಇನ್ನೊಂದು. ಒಂದು ವಸ್ತು ಇನ್ನೊಂದನ್ನು ಗೀರಬಲ್ಲುದಾದರೆ ಅದು ಹೆಚ್ಚು ಗಡಸು. ಜರ್ಮನಿಯ ಫ್ರೀಡ್ರಿಕ್ ಮೋಸ್ ಎಂಬ ಖನಿಜಶಾಸ್ತ್ರಜ್ಞನು 1812ರಲ್ಲಿ ಏರ್ಪಡಿಸಿದ ಹತ್ತು ಮೆಟ್ಟಿಲುಗಳ ಮಾನದಲ್ಲಿ ವಜ್ರವು ಹತ್ತನೆಯದು, ಕೆಂಪು ನೀಲಗಳು ಒಂಬತ್ತನೆಯವು, ಸ್ಫಟಿಕವು ಏಳನೆಯದು. ಆದರೆ ಪೆಟ್ಟು ಬಿದ್ದಾಗ ತಡೆದುಕೊಳ್ಳುವ ಶಕ್ತಿಯೇ ಬೇರೆ. ವಜ್ರವನ್ನು ಅಡಿಗಲ್ಲಿನ ಮೇಲಿಟ್ಟು ಬಡಿದರೂ ಒಡೆಯದೆಂದು ಪ್ರಾಚೀನ ರೋಮಿನ ಪ್ಲಿನಿ ಬರೆದನು. ಇದನ್ನು ನಂಬಿ ಪರೀಕ್ಷೆಗೆ ಇಳಿದವನಿಗೆ ಪುಡಿಯಲ್ಲದೆ ಬೇರೇನೂ ದಕ್ಕದು. ವಜ್ರವು ನಾಲ್ಕು ದಿಕ್ಕುಗಳಲ್ಲಿ ನುಣುಪಾಗಿ ಸೀಳಬಲ್ಲ ಹರಳು. ಗಡಸುತನದಲ್ಲಿ ಸಾಟಿಯಿಲ್ಲದಿದ್ದರೂ ಸರಿಯಾದ ಜಾಗದಲ್ಲಿ ಬಿದ್ದ ಸಣ್ಣ ಏಟಿಗೆ ಅದು ಇಬ್ಭಾಗವಾಗುತ್ತದೆ.

ಹರಳುಗಳು ಹೀಗೆ ಸೀಳುವುದಕ್ಕೆ ಕಾರಣವೇನು? ಹರಳಿನಲ್ಲಿ ಪರಮಾಣುಗಳು ಕ್ರಮವರಿತು ಜೋಡಣೆಗೊಂಡಿರುತ್ತವೆ. ಈ ಜೋಡಣೆಯಲ್ಲಿ ಕೆಲವು ದಿಕ್ಕಿನ ಬಂಧಗಳು ಬಲವಾಗಿಯೂ ಕೆಲವು ದಿಕ್ಕಿನವು ದುರ್ಬಲವಾಗಿಯೂ ಇರುವುದುಂಟು. ಸೌದೆಯು ನಾರಿನ ಉದ್ದಕ್ಕೆ ಸುಲಭವಾಗಿ ಸೀಳುವಂತೆ ಹರಳು ಆ ದುರ್ಬಲವಾದ ತಲದಲ್ಲಿ ಬಿರಿಯುತ್ತದೆ. ಈ ತತ್ತ್ವವು ಶಾಸ್ತ್ರಕ್ಕೆ ಒದಗಿದ ಬಗೆಯನ್ನು ಹೇಳುವ ಒಂದು ಕಥೆಯಿದೆ. 18ನೆಯ ಶತಮಾನದ ಉತ್ತರಾರ್ಧದಲ್ಲಿ ಫ್ರಾನ್ಸಿನ ರೆನೆ ಜಸ್ಟ್ ಆಯುಯಿ ಎಂಬ ಪಾದ್ರಿಯು ಸ್ನೇಹಿತನೊಬ್ಬನ ಸಂಗ್ರಹವನ್ನು ನೋಡುತ್ತಿದ್ದಾಗ ಕ್ಯಾಲ್ಸೈಟ್ ಹರಳೊಂದನ್ನು ಕೈಜಾರಿ ಕೆಡವಿದನಂತೆ. ಒಡೆದ ಚೂರುಗಳ ಮುಖಗಳು ನುಣುಪಾಗಿದ್ದುದನ್ನೂ, ಅವುಗಳ ಆಕಾರವು ಬೇರೊಂದು ಬಗೆಯ ಕ್ಯಾಲ್ಸೈಟ್ ಹರಳಿನ ಆಕಾರವನ್ನೇ ಹೋಲುತ್ತಿದ್ದುದನ್ನೂ ಅವನು ಕಂಡನು. ಮನೆಗೆ ಹೋಗಿ ತನ್ನ ಹರಳುಗಳನ್ನು ತಾನೇ ಒಡೆದು ನೋಡಿದನು. ಎಲ್ಲವೂ ಅದೇ ಆಕಾರದ ಚೂರುಗಳಾದುವು. ಈ ವಿಚಾರವನ್ನು ವಿಸ್ತರಿಸಿ ಅವನು 1784ರಲ್ಲಿ ಪ್ರಕಟಿಸಿದ ಗ್ರಂಥವು ಸ್ಫಟಿಕಶಾಸ್ತ್ರದ ಬುನಾದಿಗಳಲ್ಲಿ ಒಂದಾಯಿತು. ಒಡೆದ ಹರಳನ್ನು ಮತ್ತೆ ಕೂಡಿಸಲು ಅವನಿಂದಲೂ ಆಗಲಿಲ್ಲ. ಆದರೆ ಒಡಕನ್ನು ಓದುವುದು ಅವನಿಗೆ ಸಾಧ್ಯವಾಯಿತು.

ಇನ್ನು ನಮ್ಮ ನಾಡಿನ ಕಲ್ಲುಗಳ ಕಡೆಗೆ ಬರೋಣ. ಬೆಂಗಳೂರಿನ ಪಡುವಣ ಬಡಾವಣೆಗಳಾದ ರಾಜಾಜಿನಗರ, ವಿಜಯನಗರ, ಕೆಂಗೇರಿಗಳಲ್ಲಿ ವಾಸಮಾಡುವವರು ಬಾವಿ ತೋಡುವಾಗಲೋ ಮನೆಗೆ ಪಾಯ ತೆಗೆಯುವಾಗಲೋ ಬೂದುಬಣ್ಣದ ಪಟ್ಟೆಪಟ್ಟೆಯಾದ ಗಟ್ಟಿ ಬಂಡೆಯನ್ನು ಕಂಡಿರಬಹುದು. ಅದು ನೈಸ್ ಎಂಬ ಶಿಲೆ; ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಕೆಂಗೇರಿಯನ್ನು ದಾಟಿ ಮೈಸೂರಿನ ದಾರಿಯಲ್ಲಿ ಮುಂದುವರಿದರೆ ರಾಮನಗರದ ಗುಡ್ಡಗಳು ಎದುರಾಗುತ್ತವೆ. ಆ ಊರಿನ ಹಿಂದಿನ ಹೆಸರಿನಿಂದ ಆ ಶಿಲೆಗೆ ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಹೆಸರಾಗಿದೆ. ಈ ಶಿಲೆಗಳಲ್ಲಿ ಸ್ಫಟಿಕ, ಫೆಲ್ಡ್‌ಸ್ಪಾರ್ ಮುಂತಾದವುಗಳ ಕಣಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕಣದಲ್ಲಿ ಹುಟ್ಟಿದ ಬಿರುಕನ್ನು ನೆರೆಯ ಕಣವು ತಡೆಯುತ್ತದೆ. ಆದುದರಿಂದಲೇ ಕಲ್ಲುಕುಟಿಗನ ಉಳಿಗೆ ಅಷ್ಟು ಶ್ರಮ. ಹರಳಿನಲ್ಲಿ ಇಂತಹ ನೆರೆಹೊರೆಯ ನೆರವಿಲ್ಲ. ಅದು ಆದ್ಯಂತವಾಗಿ ಒಂದೇ ಕಣ. ಹುಟ್ಟಿದ ಬಿರುಕು ತುದಿಮುಟ್ಟುವ ತನಕ ನಿಲ್ಲುವುದಿಲ್ಲ.

ಇನ್ನೂ ಪಶ್ಚಿಮಕ್ಕೆ, ಹಾಸನ ಜಿಲ್ಲೆಯ ಹೊಳೆನರಸೀಪುರದ ಸುತ್ತಿನ ಪದರುಶಿಲೆಗಳಲ್ಲಿ ಕಯನೈಟ್ ಎಂಬ ಖನಿಜವು ದೊರೆಯುತ್ತದೆ. ಅಲ್ಯುಮಿನಿಯಂ, ಸಿಲಿಕಾನ್, ಆಮ್ಲಜನಕಗಳು ಕೂಡಿ ಆದ ವಸ್ತು ಇದು. ಗ್ರೀಕ್ ಭಾಷೆಯಲ್ಲಿ ನೀಲಿಬಣ್ಣವನ್ನು ಸೂಚಿಸುವ ಶಬ್ದದಿಂದ ಇದಕ್ಕೆ ಈ ಹೆಸರು ಬಂದಿದೆ. ಸಾಮಾನ್ಯ ಕಯನೈಟ್ ಕುಲುಮೆಗಳ ಇಟ್ಟಿಗೆಗೆ ಉಪಯುಕ್ತವಾದದ್ದು. ಒಳ್ಳೆಯ ಪಾರದರ್ಶಕವಾದ ನೀಲಿ ಹರಳು ಅಪೂರ್ವ. ನೇಪಾಳದಂತಹ ಕಡೆಗಳಿಂದ ಅಂಥವು ಮಾರುಕಟ್ಟೆಗೆ ಬರುತ್ತವೆ. ಮೊದಲು ಹೇಳಿದ ಆಯುಯಿ ಇದನ್ನು 'ಎರಡು ಬಲದ ಕಲ್ಲು' ಎಂಬರ್ಥದ ಹೆಸರಿನಿಂದ ಕರೆದನು. ಕಾರಣವಿಷ್ಟೆ: ಈ ಹರಳು ಕತ್ತಿಯ ಅಲಗಿನಂತೆ ಉದ್ದವಾಗಿ ಚಪ್ಪಟೆಯಾಗಿ ಬೆಳೆಯುತ್ತದೆ. ಉದ್ದಕ್ಕೆ ಗೀರಿದರೆ ಇದರ ಗಡಸು ಸುಮಾರು ಐದು; ಅಡ್ಡಕ್ಕೆ ಗೀರಿದರೆ ಆರೂವರೆಯಿಂದ ಏಳು. ಒಂದು ಉಕ್ಕಿನ ಚಾಕು ಉದ್ದಕ್ಕೆ ಗೆರೆ ಎಳೆಯುತ್ತದೆ, ಅಡ್ಡಕ್ಕೆ ಎಳೆಯಲಾರದೆ ಜಾರುತ್ತದೆ. ಇದರ ಮೇಲೆ ಅದು ಚಪ್ಪಟೆಯ ಮುಖಕ್ಕೆ ಸಮಾಂತರವಾಗಿ ಬಲುಸುಲಭವಾಗಿ ಸೀಳುತ್ತದೆ. ಪೆಡಸು ಹರಳಿನ ಕಷ್ಟಗಳೆಲ್ಲವೂ ಒಟ್ಟುಗೂಡಿರುವುದರಿಂದ ನಮ್ಮ ವಿವರಣೆಗೆ ಇದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹರಳಿಗೆ ಮುಖಗಳನ್ನು ಕೊಡುವುದಾದರೂ ಏತಕ್ಕೆ? ಬೆಳಕನ್ನು ಒಳಗೆ ಬರಮಾಡಿಕೊಂಡು, ಕೆಳಗೆ ಸೋರಿಹೋಗಗೊಡದೆ, ನೋಡುವವನ ಕಣ್ಣಿಗೆ ಹಿಂದಿರುಗಿಸುವುದಕ್ಕೆ. ಪ್ರತಿಯೊಂದು ಪಾರದರ್ಶಕ ವಸ್ತುವಿಗೂ ಒಂದು ಅವಧಿಕೋನವಿದೆ. ಕಯನೈಟಿಗೆ ಅದು ಸುಮಾರು 35½ ಡಿಗ್ರಿ, ಸ್ಫಟಿಕಕ್ಕೆ ಸುಮಾರು 40, ವಜ್ರಕ್ಕೆ ಸುಮಾರು 24. ಒಳಗಿನ ಬೆಳಕು ಇದಕ್ಕಿಂತ ಓರೆಯಾಗಿ ಮುಖವನ್ನು ತಾಕಿದರೆ ಕನ್ನಡಿಯಿಂದ ಪ್ರತಿಫಲಿಸಿದಂತೆ ಪೂರ್ತಿಯಾಗಿ ಹಿಂದಿರುಗುತ್ತದೆ. ಕಡಮೆಯಾದರೆ ಹೊರಕ್ಕೆ ಸೋರುತ್ತದೆ. ಕಯನೈಟಿನ ತಳದ ಮುಖಗಳನ್ನು 30 ಡಿಗ್ರಿಗೆ ಕೊಯ್ದರೆ ನಡುವೆ ಕಿಟಕಿ ತೆರೆದಂತಾಗಿ ಅದರ ಮೂಲಕ ಬೆರಳು ಕಾಣುತ್ತದೆ. 50 ಡಿಗ್ರಿಗೆ ಕೊಯ್ದರೆ ಮೊದಲ ಮುಖದಲ್ಲಿ ತಿರುಗಿದ ಬೆಳಕು ಎದುರು ಮುಖವನ್ನು 30 ಡಿಗ್ರಿಯಲ್ಲಿ ತಾಕಿ ಅಲ್ಲಿ ಸೋರುತ್ತದೆ. 40ರ ಆಸುಪಾಸಿನಲ್ಲಿ ಕೊಯ್ದರೆ ಎರಡೂ ಮುಖಗಳು ಬೆಳಕನ್ನು ಉಳಿಸಿಕೊಳ್ಳುತ್ತವೆ. ಲೆಕ್ಕ ಇಷ್ಟು ಸುಲಭ, ಕಷ್ಟವಿರುವುದು ಕೈಯಲ್ಲಿ.

ಕೆಲಸದ ಮೊದಲ ಹೆಜ್ಜೆ ಪರೀಕ್ಷೆ. ಹರಳನ್ನು ದೀಪದ ಮುಂದೆ ತಿರುಗಿಸುತ್ತ ನೋಡಬೇಕು. ಒಳಗೆ ಬೆಳ್ಳಿಯ ತಗಡಿನಂತಹ ಹೊಳಪೋ ಕಾಮನಬಿಲ್ಲಿನ ಬಣ್ಣವೋ ಕಂಡರೆ ಅಲ್ಲಿ ಸೀಳು ಆಗಲೇ ಹುಟ್ಟಿದೆಯೆಂದು ತಿಳಿಯಬೇಕು. ಆ ಭಾಗವನ್ನು ಮೊದಲೇ ತೆಗೆದುಹಾಕುವುದು ಜಾಣತನ. ಇಷ್ಟು ತೂಕ ಹೋಯಿತಲ್ಲಾ ಎಂದು ಮರುಗಿ ಉಳಿಸಿಕೊಂಡವನಿಗೆ ಕೊನೆಯ ಮೆರುಗಿನ ಹೊತ್ತಿಗೆ ಸರ್ವನಾಶ ಕಾದಿರುತ್ತದೆ.

ಎರಡನೆಯ ಹೆಜ್ಜೆ ದಿಕ್ಕಿನ ನಿರ್ಣಯ. ಹರಳಿನ ಯಾವ ಮುಖವೂ ಸೀಳುವ ತಲಕ್ಕೆ ಸರಿಯಾಗಿ ಸಮಾಂತರವಾಗಿರಬಾರದು. ಹಾಗಿದ್ದರೆ ಮೆರುಗು ಬರುವುದಕ್ಕೆ ಬದಲಾಗಿ ಹಲ್ಲೆಹಲ್ಲೆಯಾಗಿ ಪದರುಗಳು ಏಳುತ್ತವೆ. ಐದರಿಂದ ಹತ್ತು ಡಿಗ್ರಿಯಷ್ಟು ಓರೆಯಾಗಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ. ಪುಷ್ಯರಾಗವನ್ನು ಕೊಯ್ಯುವವರೂ ಇದೇ ನಿಯಮವನ್ನು ಪಾಲಿಸುತ್ತಾರೆ.

ಮೂರನೆಯದು ಹರಳನ್ನು ಕಡ್ಡಿಯ ತುದಿಗೆ ಅಂಟಿಸುವುದು. ಹಿಂದಿನವರು ಅರಗನ್ನು ಕಾಯಿಸಿ ಅಂಟಿಸುತ್ತಿದ್ದರು. ಕೆಂಪು ನೀಲಗಳು ಈ ಬಿಸಿಯನ್ನು ಸಹಿಸುತ್ತವೆ. ಪೆಡಸು ಹರಳು ಒಂದು ಕಡೆ ಕಾದು ಇನ್ನೊಂದು ಕಡೆ ತಣ್ಣಗಿದ್ದರೆ ತಾನಾಗಿ ಬಿರಿಯುತ್ತದೆ. ಇಂದು ಕಾಯಿಸಬೇಕಾಗಿಲ್ಲದ ಅಂಟುಗಳು ದೊರೆಯುತ್ತವೆ. ಬಿಡಿಸುವಾಗಲೂ ಕೀಳದೆ, ದ್ರಾವಕದಲ್ಲಿ ನೆನೆಯಿಟ್ಟು ಕಾಯಬೇಕು.

ನಾಲ್ಕನೆಯದು ಸಾಣೆ. ಒರಟು ಸಾಣೆ ಬೇಗ ಸವೆಸುತ್ತದೆ, ಆದರೆ ಅದರ ಒಂದೊಂದು ಕಣವೂ ಮೇಲ್ಮೈಯಿಂದ ಒಳಕ್ಕೆ ಕಣ್ಣಿಗೆ ಕಾಣದ ಬಿರುಕುಗಳನ್ನು ಇಳಿಸುತ್ತದೆ. ಮುಂದಿನ ನಯವಾದ ಸಾಣೆಯು ಮೇಲಿನ ಗೀರುಗಳನ್ನು ಮಾತ್ರವಲ್ಲದೆ ಈ ಒಳಬಿರುಕುಗಳನ್ನೂ ಸವೆಸಬೇಕು. ಗೀರು ಮಾಯವಾಯಿತೆಂದು ಆತುರಪಟ್ಟು ಮುಂದುವರಿದವನಿಗೆ ಮೆರುಗಿನ ಹೊತ್ತಿನಲ್ಲಿ ಹೊಂಡಗಳು ಕಾಣಿಸಿಕೊಳ್ಳುತ್ತವೆ. ಮತ್ತೆ ಎರಡು ಹೆಜ್ಜೆ ಹಿಂದಕ್ಕೆ ಬರಬೇಕಾಗುತ್ತದೆ. ಆದುದರಿಂದ ಪೆಡಸು ಹರಳಿಗೆ ಮೊದಲಿನಿಂದಲೇ ನಯವಾದ ಸಾಣೆ, ಮಂದಗತಿ, ಹಗುರವಾದ ಕೈ. ಚಕ್ರವು ಅಂಚಿನಿಂದ ಹರಳಿನ ಒಡಲ ಕಡೆಗೆ ಒತ್ತುವಂತಿರಬೇಕೇ ಹೊರತು ಅಂಚನ್ನು ಹೊರಕ್ಕೆ ಎಳೆಯುವಂತಿರಬಾರದು. ಕಯನೈಟಿನಲ್ಲಂತೂ ಒಂದು ಮುಖ ಕ್ಷಣದಲ್ಲಿ ಸವೆಯುತ್ತದೆ, ಪಕ್ಕದ ಮುಖ ಜಗ್ಗುವುದಿಲ್ಲ. ಚಕ್ರದ ಮೇಲೆ ಹರಳಿನ ದಿಕ್ಕನ್ನು ಬದಲಿಸಿ ಬದಲಿಸಿ ಒಪ್ಪುವ ದಿಕ್ಕನ್ನು ಹುಡುಕಬೇಕು.

ಕೊನೆಯದು ಆಕಾರ. ಚೂಪಾದ ಮೂಲೆ, ತೆಳುವಾದ ಅಂಚು, ಇವೆರಡೂ ಮುರಿಯುವುದಕ್ಕೆ ಆಹ್ವಾನ. ಪಚ್ಚೆಯ ಹರಳನ್ನು ಚೌಕನಾಗಿ ಕೊಯ್ದು ನಾಲ್ಕು ಮೂಲೆಗಳನ್ನೂ ಕತ್ತರಿಸುವ ವಾಡಿಕೆಯು ಚೆಲುವಿಗೆ ಹೊಂದುವಂತೆ ರಕ್ಷಣೆಗೂ ಹೊಂದುತ್ತದೆ. ಉದ್ದನೆಯ ಕಯನೈಟಿಗೂ ಇದೇ ಆಕಾರವು ಒಪ್ಪುತ್ತದೆ.

ಈ ನಿಯಮಗಳಲ್ಲಿ ಒಂದೊಂದರ ಹಿಂದೆಯೂ ಒಡೆದ ಹರಳುಗಳ ರಾಶಿಯಿದೆ. ಕೆಲವು ಒಡಕುಗಳು ಇತಿಹಾಸಕ್ಕೂ ಸೇರಿವೆ. 17ನೆಯ ಶತಮಾನದಲ್ಲಿ ಭರತಖಂಡವನ್ನು ಸಂಚರಿಸಿದ ಫ್ರೆಂಚ್ ರತ್ನವ್ಯಾಪಾರಿ ಟಾವೆರ್ನಿಯೆ 1665ರಲ್ಲಿ ಔರಂಗಜೇಬನ ಆಸ್ಥಾನದಲ್ಲಿ ಒಂದು ಮಹಾವಜ್ರವನ್ನು ಕಂಡನು. ಅವನು ಬರೆದಂತೆ ಅದರ ಮೂಲ ತೂಕ 787½ ಕ್ಯಾರಟ್. ವೆನಿಸ್ಸಿನ ಹೊರ್ಟೆನ್ಸಿಯೊ ಬೋರ್ಜಿಯೊ ಎಂಬ ಕೆಲಸಗಾರನು ದೋಷಗಳನ್ನು ಕಳೆಯಲು ಅದನ್ನು ಸವೆಸುತ್ತ ಸವೆಸುತ್ತ ಸುಮಾರು 280 ಕ್ಯಾರಟಿಗೆ ಇಳಿಸಿದನು. ಬಾದಶಹನು ಕೂಲಿಯನ್ನು ಕೊಡುವುದಿರಲಿ, ಹತ್ತು ಸಾವಿರ ರೂಪಾಯಿ ದಂಡ ಹಾಕಿದನು. ಕಸಬು ಬಲ್ಲವನಾಗಿದ್ದರೆ ಅವನು ಸವೆಸುವ ಬದಲು ಒಂದು ದೊಡ್ಡ ಚೂರನ್ನು ಬೇರ್ಪಡಿಸಬಹುದಿತ್ತೆಂದು ಟಾವೆರ್ನಿಯೆಯ ಅಭಿಪ್ರಾಯ. ಸೀಳುವ ಗುಣವು ಅರಿಯದವನಿಗೆ ಶತ್ರು, ಅರಿತವನಿಗೆ ಮಿತ್ರ. 1908ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಜೋಸೆಫ್ ಆಷರ್ 3106 ಕ್ಯಾರಟಿನ ಕಲಿನನ್ ವಜ್ರವನ್ನು ಒಡೆದದ್ದು ಈ ಅರಿವಿನ ಬಲದಿಂದ. ಮೊದಲ ಏಟಿಗೆ ಮುರಿದದ್ದು ಉಕ್ಕಿನ ಅಲಗೆಂದೂ, ಹೊಸ ಅಲಗಿನಿಂದ ಹೊಡೆದಾಗ ವಜ್ರವು ಅವನೆಣಿಸಿದಂತೆಯೇ ಬಿರಿಯಿತೆಂದೂ ಪ್ರಸಿದ್ಧಿಯಿದೆ.

ನಮ್ಮ ಪೂರ್ವಿಕರಿಗೆ ಈ ವಿಚಾರ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ರತ್ನಗಳ ವಿಚಾರವೂ ಬಂದಿದೆ. ಸಂಸ್ಕೃತದ ರತ್ನಪರೀಕ್ಷಾ ಗ್ರಂಥಗಳಲ್ಲಿ ಗುಣಗಳ ಜೊತೆಗೆ ದೋಷಗಳನ್ನೂ ಎಣಿಸಿ, ಹೆಸರಿಟ್ಟು, ಲಕ್ಷಣ ಹೇಳುವುದು ಪದ್ಧತಿ. ದೋಷಕ್ಕೆ ಹೆಸರಿಡುವುದು ವಿದ್ಯೆಯ ಆರಂಭವೆಂಬುದನ್ನು ಅವರು ಅರಿತಿದ್ದರು. ನಮ್ಮ ಕಾಲಕ್ಕೆ ಹತ್ತಿರದವರಾದ ಸರ್ ಸಿ. ವಿ. ರಾಮನ್ ಅವರು 1933ರಲ್ಲಿ ಬೆಂಗಳೂರಿಗೆ ಬಂದ ಮೇಲೆ ವಜ್ರಗಳನ್ನು ಸಂಗ್ರಹಿಸಿ ಅವುಗಳ ಬೆಳಕಿನ ಗುಣಗಳನ್ನು ಶಿಷ್ಯರೊಡನೆ ಪರೀಕ್ಷಿಸಿದರು. ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯದಲ್ಲಿ ಅವರ ಹರಳುಗಳ ಸಂಗ್ರಹವು ಈಗಲೂ ಇದೆ. ವ್ಯಾಪಾರಿಯು ಹರಳಿನ ಬೆಲೆಯನ್ನು ನೋಡುವಲ್ಲಿ ವಿಜ್ಞಾನಿಯು ಒಂದು ವಜ್ರಕ್ಕೂ ಇನ್ನೊಂದಕ್ಕೂ ಇರುವ ವ್ಯತ್ಯಾಸವನ್ನು ನೋಡಿದನು.

ಈಗ ಮೊದಲ ಪ್ರಶ್ನೆಗೆ ಉತ್ತರ ಹೇಳಬಹುದು. ಹಾಳಾದ ಹರಳಿನಲ್ಲಿ ತಪ್ಪನ್ನು ತಿದ್ದಲಾಗದು. ಮುಂದಿನ ಹರಳಿನಲ್ಲಿ ತಿದ್ದಬಹುದು. ಅದಕ್ಕೆ ಮೂರು ಕಟ್ಟುಪಾಡುಗಳು ಬೇಕು. ಮೊದಲು ಗಾಜಿನ ಮೇಲೆ, ಅನಂತರ ಸ್ಫಟಿಕದ ಮೇಲೆ ಕೈ ಪಳಗಿಸಬೇಕು. ಅಗ್ಗದ ಕಲ್ಲಿನಲ್ಲಿ ಆದ ತಪ್ಪು ಅಗ್ಗದ ಪಾಠ. ಎರಡನೆಯದಾಗಿ ಕೋನ, ಸಾಣೆ, ದಿಕ್ಕು ಎಲ್ಲವನ್ನೂ ಬರೆದಿಡಬೇಕು. ಬರೆದಿಡದ ತಪ್ಪು ಮತ್ತೆ ಆಗುತ್ತದೆ. ಮೂರನೆಯದಾಗಿ ಒಡೆದ ಚೂರನ್ನು ಎಸೆಯದೆ ನೋಡಬೇಕು. ನುಣುಪಾದ ಸೀಳು ದಿಕ್ಕಿನ ತಪ್ಪನ್ನು ಹೇಳುತ್ತದೆ. ಅಂಚಿನ ಚಕ್ಕೆ ಒತ್ತಡದ ತಪ್ಪನ್ನು ಹೇಳುತ್ತದೆ. ಅಂಟಿಸುವಾಗ ಬಿಟ್ಟ ಬಿರುಕು ಬಿಸಿಯ ತಪ್ಪನ್ನು ಹೇಳುತ್ತದೆ.

ಕೊಳ್ಳುವವರಿಗೂ ಇಲ್ಲಿ ಒಂದು ಮಾತುಂಟು. ಕಯನೈಟ್ ಬಣ್ಣದಲ್ಲಿ ಇಂದ್ರನೀಲವನ್ನು ಹೋಲುತ್ತದೆ, ಬಾಳಿಕೆಯಲ್ಲಿ ಹೋಲುವುದಿಲ್ಲ. ಓಲೆಗೋ ಪದಕಕ್ಕೋ ಅದು ಸರಿ. ದಿನವೂ ಪಾತ್ರೆ ಬಾಗಿಲುಗಳಿಗೆ ತಾಕುವ ಉಂಗುರಕ್ಕೆ ತಕ್ಕುದಲ್ಲ.

ಪಾಠ ಹೇಳುವ ವೃತ್ತಿಯವರಾದ ನಮಗೆ ಇದರಲ್ಲಿ ಇನ್ನೂ ಒಂದು ವಿಚಾರ ಕಾಣುತ್ತದೆ. ಹುಡುಗನ ತಪ್ಪಿಗೆ ಕೆಂಪು ಮಸಿಯ ಗೆರೆ ಎಳೆದು ಅಂಕ ಕಳೆಯುವುದು ಬಾದಶಹನು ದಂಡ ಹಾಕಿದಂತೆ. ಅದರಿಂದ ಬೋರ್ಜಿಯೊ ಬಡವನಾದನೇ ಹೊರತು ವಜ್ರವಿದ್ಯೆ ಬೆಳೆಯಲಿಲ್ಲ. ತಪ್ಪು ಎಲ್ಲಿ ಹುಟ್ಟಿತು, ಯಾವ ದಿಕ್ಕಿನಲ್ಲಿ ಬಿರಿಯಿತು ಎಂದು ಹುಡುಗನೊಡನೆ ಕುಳಿತು ನೋಡಿದರೆ ಅದು ಆಯುಯಿಯ ಮಾರ್ಗ. ಹರಳುಗಳಂತೆ ಮನಸ್ಸುಗಳಲ್ಲಿಯೂ ಗಡಸಾದುವು ಕೆಲವು, ಪೆಡಸಾದುವು ಕೆಲವು. ಎಲ್ಲವನ್ನೂ ಒಂದೇ ಒರಟು ಸಾಣೆಗೆ ಒಡ್ಡುವವನು ಒಡೆದ ಚೂರುಗಳಿಗೆ ಕಲ್ಲನ್ನು ಹಳಿಯಲಾಗದು.